ಕಿಟಕಿಯಾಚೆಯ ಲೆಕ್ಕ

(ಡಿಗ್ರಿ ಕಾಲೇಜಿನ ಆಫೀಸು. ಕಿಟಕಿಯೊಳಗೆ ಗುಮಾಸ್ತರು, ಹೊರಗೆ ಹೊಸ ವಿದ್ಯಾರ್ಥಿನಿ. ಇಬ್ಬರ ನಡುವೆ ಕಂಬಿ.)

"ಸಾರ್, ಕ್ರೆಡಿಟ್ ಅಂದ್ರೇನು?"

"ವಾರಕ್ಕೆ ಒಂದು ಗಂಟೆ ಪಾಠ ಕೇಳಿದ್ರೆ ಒಂದು ಕ್ರೆಡಿಟ್. ಲ್ಯಾಬಲ್ಲಿ ಎರಡು ಗಂಟೆ ನಿಂತ್ರೂ ಒಂದೇ."

"ನಿಂತವರಿಗೇ ಕಮ್ಮಿನಾ?"

"ಬಸ್ಸಲ್ಲಿ ನಿಂತವರಿಗೆ ಟಿಕೆಟ್ ಕಮ್ಮಿ ಮಾಡ್ತಾರೇನಮ್ಮ?"

"ಇಲ್ಲಿ ಗ್ರೇಡ್ ಪಟ್ಟೀಲಿ ‘ಓ’ ಅಂತಿದೆ. ಸೊನ್ನೇನಾ?"

"ಅಯ್ಯೋ, ಅದು ಔಟ್‌ಸ್ಟ್ಯಾಂಡಿಂಗ್, 10 ಪಾಯಿಂಟು! ಸೊನ್ನೆ ಇರೋದು ‘ಎಫ್’ಗೆ. ಪಾಯಿಂಟನ್ನ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲಾ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸು. ಅದೇ ಎಸ್‌ಜಿಪಿಎ."

"ಅಪ್ಪ ಪರ್ಸೆಂಟೇಜ್ ಕೇಳ್ತಾರೆ."

"ಅದಕ್ಕೆ ಬೇರೆ ಅರ್ಜಿ, ಬೇರೆ ಚಲನ್."

"ಡಿಗ್ರಿ ಮೂರು ವರ್ಷವೋ, ನಾಲ್ಕೋ?"

"2021ರಲ್ಲಿ ನಾಲ್ಕು ಅಂದ್ರು. 2024ರಲ್ಲಿ ಮತ್ತೆ ಮೂರು ಅಂದ್ರು. ಮುಂದಿನದು ಸರ್ಕಾರಕ್ಕೇ ಗೊತ್ತು. ಫೀಸು ಮಾತ್ರ ಈಗಲೇ ಕಟ್ಟಬೇಕು."