ಗಂಡಸಿಯ ಗಾಡಿಯಣ್ಣ

ಪ್ರತಿ ಹೋಬಳಿಗೂ ಒಬ್ಬ ಗಾಡಿಯಣ್ಣ ಇರುತ್ತಾರೆ. ಎಟಿಎಂ ಇಲ್ಲದ ಹೋಬಳಿ ಇದ್ದೀತು, ಇದ್ದರೂ ಅದರಲ್ಲಿ ದುಡ್ಡಿಲ್ಲದಿದ್ದೀತು. ಗಾಡಿಯಣ್ಣ ಇಲ್ಲದ ಹೋಬಳಿ ಅರಸೀಕೆರೆ ತಾಲ್ಲೂಕಿನಲ್ಲಂತೂ ಸಿಗಲಾರದು. ಗಂಡಸಿಯ ಗಾಡಿಯಣ್ಣನಿಗೂ ಹೆತ್ತವರು ಇಟ್ಟ ಹೆಸರೊಂದಿದೆ. ಅದು ರೇಷನ್ ಕಾರ್ಡಿನಲ್ಲಿ, ಸೊಸೈಟಿಯ ಸಾಲದ ಪುಸ್ತಕದಲ್ಲಿ ಭದ್ರವಾಗಿದೆ. ಊರವರ ಬಾಯಲ್ಲಿ ಮಾತ್ರ ಇವರು ಗಾಡಿಯಣ್ಣ. ಮೆಕ್ಯಾನಿಕ್ ಅಲ್ಲ, ಶೋರೂಮಿನವರಲ್ಲ, ಬ್ರೋಕರ್ ಎಂದರೆ ಸಿಟ್ಟು ನೆತ್ತಿಗೇರುತ್ತದೆ. ಯಾರಾದರೂ ಸೆಕೆಂಡ್‌ಹ್ಯಾಂಡ್ ಬೈಕು ಕೊಳ್ಳಲು ಹೊರಟರೆ ಜೊತೆಗೆ ಹೋಗಿ ನೋಡಿಕೊಡುವುದು ಇವರ ಕಸುಬು. ಕಮಿಷನ್ ಮುಟ್ಟುವುದಿಲ್ಲ. ಹೊರಡುವ ಮುಂಚೆ ಒಂದು ಟೀ, ನೋಡಿದ ಮೇಲೆ ಒಂದು ಟೀ, ವ್ಯಾಪಾರ ಕುದುರಿದರೆ ಹ್ಯಾಂಡ್‌ಪೋಸ್ಟಿನಲ್ಲಿ ಎರಡು ತಟ್ಟೆ ಇಡ್ಲಿ. ಕುದುರದಿದ್ದರೆ ಒಂದು.

ಹಾಗೆಂದು ಇದು ಬಿಟ್ಟಿ ಷೋಕಿಯ ಮಾತಲ್ಲ. ಇಲ್ಲಿ ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ, ಡೇರಿ ಮತ್ತೊಂದು ಕಡೆ. ರೈಲು ಹಿಡಿಯಲು ಅರಸೀಕೆರೆ, ಕೊಬ್ಬರಿ ರೇಟಿಗೆ ತಿಪಟೂರು, ದೊಡ್ಡಾಸ್ಪತ್ರೆಗೆ ಹಾಸನ. ಬಸ್ಸು ಬರುವುದು ಅದರ ಇಷ್ಟಕ್ಕೆ, ನಿಲ್ಲುವುದು ಡ್ರೈವರನ ಇಷ್ಟಕ್ಕೆ. ಆದ್ದರಿಂದ ಎರಡು ಚಕ್ರ ಇಲ್ಲದವನು ಊರಿನಲ್ಲಿ ಅರ್ಧ ಮನುಷ್ಯ. ಅಂಥವನನ್ನು ಪೂರ್ತಿ ಮಾಡುವ ಹೊಣೆ ಗಾಡಿಯಣ್ಣನದು.

ವಿದ್ಯೆ ತಂದೆಯಿಂದ ಬಂದದ್ದು. ತಂದೆ ಜಾತ್ರೆಗಳಲ್ಲಿ ದನದ ವ್ಯಾಪಾರಕ್ಕೆ ನಿಲ್ಲುತ್ತಿದ್ದವರು. ಹಳ್ಳಿಕಾರ್, ಅಮೃತಮಹಲ್ ಹೋರಿಗಳ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು, ಮೈಮೇಲಿನ ಸುಳಿ ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ತೀರ್ಮಾನಿಸುವುದು, ಕೊನೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಸುಕಿ ರೇಟು ಮುಗಿಸುವುದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಮಗ ಹೋರಿಯ ಹಲ್ಲು ಬಿಟ್ಟು ಸ್ಪ್ರಾಕೆಟ್ಟಿನ ಹಲ್ಲು ನೋಡತೊಡಗಿದರು. ಹಲ್ಲು ಮೊಂಡಾಗಿ ಅಗಲವಾಗಿದ್ದರೆ ಇನ್ನೂ ಪ್ರಾಯ. ಸವೆದು ಚೂಪಾಗಿ ಒಂದೇ ಕಡೆಗೆ ವಾಲಿದ್ದರೆ ಚೈನ್, ಸ್ಪ್ರಾಕೆಟ್ ಎರಡನ್ನೂ ಬದಲಿಸಬೇಕು. ಆ ಖರ್ಚು ಅಲ್ಲೇ, ಮಾಲೀಕನ ಎದುರಿಗೇ, ರೇಟಿನಲ್ಲಿ ಇಳಿಯುತ್ತದೆ. ಟವೆಲ್ ಈಗಲೂ ಹೆಗಲ ಮೇಲಿದೆ.

ಗಾಡಿಯಣ್ಣನ ಮೊದಲ ಸೂತ್ರ ಒಂದೇ: “ಗಾಡಿ ಆಮ್ಯಾಲೆ ನೋಡನ, ಮೊದ್ಲು ಓನರ್‌ನ ನೋಡು.” ಡಿಗ್ರಿ ಓದುವ ಹುಡುಗನೊಬ್ಬ ಸ್ಪ್ಲೆಂಡರ್ ನೋಡಲು ಇವರನ್ನು ಕರೆದೊಯ್ದನೆನ್ನಿ. ಹುಡುಗನ ಕಣ್ಣು ಹೊಳೆಯುವ ಟ್ಯಾಂಕಿನ ಮೇಲೆ. ಗಾಡಿಯಣ್ಣನ ಕಣ್ಣು ಕೊಟ್ಟಿಗೆಯ ಮೇಲೆ, ಹಸುವಿನ ಹಗ್ಗದ ಮೇಲೆ, ಗೋಡೆಗೆ ಹೊಡೆದ ಪಂಪ್‌ಸೆಟ್ ಸ್ಟಾರ್ಟರಿನ ಮೇಲೆ. ಹುಡುಗನ ಕಿವಿಯಲ್ಲಿ ಹೇಳುತ್ತಾರೆ: “ಸ್ಟಾರ್ಟರ್ ಬಾಗ್ಲಿಗೆ ಕಡ್ಡಿ ಸಿಗಸಿದೋನು ಚೈನಿಗೆ ಎಣ್ಣೆ ಬುಟ್ಟಿರ್ತಾನೇನ್ಲಾ?”

ಮಾಲೀಕ ತನ್ನ ಪಾಠ ಒಪ್ಪಿಸುತ್ತಾನೆ: “ಸಿಂಗಲ್ ಓನರ್ ಅಣ್ಣ. ಮೇಷ್ಟ್ರು ಓಡ್ಸಿದ್ದು. ಮನೆ, ಸ್ಕೂಲು ಬಿಟ್ರೆ ಎಲ್ಲೂ ಹೋಗಿಲ್ಲ.” ಮೇಷ್ಟ್ರು ಓಡಿಸಿದ ಗಾಡಿಗೆ ಈ ಸೀಮೆಯಲ್ಲಿ ಬೆಲೆ ಜಾಸ್ತಿ. ಹಾಗೆ ಮಾರಾಟವಾದ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ಏಕೋಪಾಧ್ಯಾಯ ಶಾಲೆ ಎಂಬುದು ಹಾಸನ ಜಿಲ್ಲೆಯಲ್ಲಿ ಇರುವುದು ಸಾಧ್ಯವೇ ಇಲ್ಲ. ಗಾಡಿಯಣ್ಣ ಮಾತಾಡದೆ ಸೀಟಿನ ಹಿಂದೆ ಎರಡೂ ಮಗ್ಗುಲು ಬೆರಳಾಡಿಸುತ್ತಾರೆ. ಪೇಂಟು ಸವೆದು ಕಬ್ಬಿಣ ಕಾಣುತ್ತಿದೆ. “ಮೇಷ್ಟ್ರು ಬೆಳಗಾನೆ ಡೇರಿಗೆ ಹಾಲೂ ಹಾಕ್ತಿದ್ರು ಅನ್ನು.” ಕ್ಯಾನು ನೇತುಹಾಕಿದ ಗುರುತು ಮುಚ್ಚಿಡುವ ಪಾಲಿಶ್ ಇನ್ನೂ ಬಂದಿಲ್ಲ. ಮುಂದಿನ ಕೆಲಸ, ಹಿಂದಿನ ಶಾಕ್ ಅಬ್ಸಾರ್ಬರ್ ಅದುಮಿ ನೋಡುವುದು.

ಟ್ಯಾಂಕಿನ ಮೇಲೆ ಅಂಗೈಯಗಲದ ನೆಗ್ಗು ಕಂಡು ಹುಡುಗ ಹೆದರುತ್ತಾನೆ. ಗಾಡಿಯಣ್ಣ ನಗುತ್ತಾರೆ. “ಆಕ್ಸಿಡೆಂಟಲ್ಲ ಕಣ್ಲಾ, ಕಾಯಿ.” ತೆಂಗಿನ ಸೀಮೆಯಲ್ಲಿ ನೆರಳೆಂದರೆ ತೆಂಗಿನ ಮರದ್ದೇ, ಆ ನೆರಳಿಗೆ ಗಾಡಿ ನಿಲ್ಲಿಸಿದವನು ಎಂದಾದರೂ ಒಂದು ದಿನ ಬೆಲೆ ತೆತ್ತೇ ತೆರುತ್ತಾನೆ. ಮೇಲಿನಿಂದ ಬಿದ್ದ ನೆಗ್ಗು ಕಾಯಿಯದು. ಬಿದ್ದ ಗಾಡಿಯ ಗುರುತು ಪಕ್ಕದಲ್ಲಿರುತ್ತದೆ: ಫುಟ್‌ರೆಸ್ಟಿನ ತುದಿ ಉಜ್ಜಿರುತ್ತದೆ, ಹ್ಯಾಂಡಲ್ ಗ್ರಿಪ್ಪಿನ ಕೊನೆ ಹರಿದಿರುತ್ತದೆ, ಕ್ಲಚ್ ಲಿವರಿನ ಗುಂಡು ಮುರಿದಿರುತ್ತದೆ. ಆಮೇಲೆ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯೇ ನೋಡುತ್ತಾರೆ. ಚಾಸಿ ಬಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಕಿಕ್ಕರಿಗೆ ಕಾಲಿಡುವ ಮೊದಲು ಇಂಜಿನ್ನಿಗೆ ಕೈಯಿಡುತ್ತಾರೆ. ತಣ್ಣಗಿರಬೇಕು. ಬೆಚ್ಚಗಿದ್ದರೆ, “ನಾವು ಬತ್ತೀವಿ ಅಂತ ಬೆಳಿಗ್ಗೇನೇ ಎಬ್ಸಿಟ್ಟಿದ್ದೀರಾ?” ಎಂಬ ಪ್ರಶ್ನೆ ಬೀಳುತ್ತದೆ. ಬಿಸಿ ಇಂಜಿನ್ ಯಾರಿಗೆ ಬೇಕಾದರೂ ಸ್ಟಾರ್ಟ್ ಆಗುತ್ತದೆ. ರೋಗ ತಿಳಿಯುವುದು ತಣ್ಣನೆಯ ಇಂಜಿನ್ನಿನಲ್ಲಿ. ಸ್ಟಾರ್ಟಾದ ಮೇಲೆ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡುತ್ತಾರೆ, ಮೂಸುತ್ತಾರೆ. ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ ಎಂದರ್ಥ. ಇಷ್ಟೆಲ್ಲ ಪಾಸಾದ ಗಾಡಿಯನ್ನೂ ಒಮ್ಮೊಮ್ಮೆ ಕೊನೆಯಲ್ಲಿ ಬೇಡವೆನ್ನುತ್ತಾರೆ. ಕಾರಣ, ಮಾಲೀಕ ಸ್ಟೈಲಿಗೆಂದು ಸೀರೆ ಗಾರ್ಡ್ ಬಿಚ್ಚಿಹಾಕಿರುತ್ತಾನೆ. “ನಿಮ್ಮವ್ವ ಎಲ್ಲಿ ಕೂರ್ತಾಳ್ಲಾ?” ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕೆಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಗಾಡಿಯಣ್ಣ ನಿಯಮ ಓದಿದವರಲ್ಲ, ಸೆರಗು ಸಿಕ್ಕಿಕೊಂಡದ್ದನ್ನು ಕಂಡವರು.

ಇವರ ಕಾಲಗಣನೆಯೂ ಬೇರೆ. ಯಾರದಾದರೂ ಮದುವೆ ಯಾವಾಗ ಆಯಿತೆಂದು ಕೇಳಿದರೆ “ಸಿಡಿ ಹಂಡ್ರೆಡ್ ಬಂದ ವರ್ಷ” ಎನ್ನುತ್ತಾರೆ, ಅಂದರೆ 1985. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಕೂಡ ಬಂತು. ಒಂದು ಪೆಟ್ರೋಲ್ ಉಳಿಸಿತು, ಇನ್ನೊಂದು ಹುಡುಗರನ್ನು ಕೆಡಿಸಿತು. ಅದಕ್ಕೂ ಹಿಂದಿನದು ಪುರಾಣ ಕಾಲ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬಂದ ಜಾವಾ, ಆಮೇಲೆ ಅದೇ ಕಾರ್ಖಾನೆಯ ಯೆಜ್ಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರು, ಕ್ಲಚ್ ಹಿಡಿಯದಿದ್ದರೂ ಗೇರು ಬೀಳುವ ಔದಾರ್ಯ. ಅದರಲ್ಲಿ ಕಲಿತವರು ಬೇರೆ ಗಾಡಿ ಹತ್ತಿ ಗೇರ್‌ಬಾಕ್ಸ್ ಕಿರುಚಿಸುತ್ತಿದ್ದರು. ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು ಇದ್ದ ಹಳೇ ಬುಲೆಟ್ಟಿನಲ್ಲಿ ಕಲಿತವರ ಕಥೆ ಇನ್ನೂ ಘೋರ: ಹೀರೋ ಹೋಂಡಾ ಹತ್ತಿ, ಬ್ರೇಕೆಂದು ಗೇರು ಒತ್ತಿ, ನೇರ ಬೇಲಿಯೊಳಗೆ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆಯೂ ಅದೇ ವರ್ಷ ನಿಂತಿತು. ಒಂದೇ ವರ್ಷದಲ್ಲಿ ಎರಡು ಸಾವು ಕಂಡ ಮನೆ ತಮ್ಮದು ಎಂಬಂತೆ ಗಾಡಿಯಣ್ಣ ಆ ವರ್ಷದ ಹೆಸರೆತ್ತುತ್ತಾರೆ.

ಮೂರನೆಯ ಪೆಟ್ಟು ಬಿದ್ದದ್ದು 2020ರ ಏಪ್ರಿಲ್‌ನಲ್ಲಿ, ಬಿಎಸ್ 6 ಬಂದಾಗ. ಹೊಗೆ ಕಡಿಮೆಯಾಯಿತು, ಜೊತೆಗೆ ಗಾಡಿಯಣ್ಣನ ಅಧಿಕಾರವೂ. ಅದುವರೆಗೆ ಪೆಟ್ರೋಲ್ ಖಾಲಿಯಾಗಿ ಕೆರೆ ಏರಿಯ ಮೇಲೆ ನಿಂತವನಿಗೆ ಇವರ ಬಳಿ ಮಂತ್ರವಿತ್ತು. ಟ್ಯಾಂಕು ಫ್ರೇಮಿನ ಪೈಪಿನ ಮೇಲೆ ಕಾಲು ಚಾಚಿ ಕೂತಿರುವುದರಿಂದ ತಳ ಎರಡು ಭಾಗ. ನಲ್ಲಿ ಇರುವುದು ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲಲ್ಲಿ ಒಂದಷ್ಟು ಪೆಟ್ರೋಲ್ ಸಿಕ್ಕಿಕೊಂಡಿರುತ್ತದೆ. ನಲ್ಲಿಯ ಕಡೆಗೆ ಗಾಡಿ ಮಲಗಿಸಿ ಎಬ್ಬಿಸಿದರೆ ಅದು ಈಚೆಗೆ ಹರಿದು ಬಂಕಿನವರೆಗೆ ತಲುಪಿಸುತ್ತದೆ. ಈಗಿನ ಹೆಚ್ಚಿನ ಗಾಡಿಗಳಿಗೆ ಚೋಕಿಲ್ಲ, ಕಾರ್ಬುರೇಟರಿಲ್ಲ, ರಿಸರ್ವಿಗೆ ತಿರುಗಿಸಲು ನಲ್ಲಿಯೇ ಇಲ್ಲ. ಟ್ಯಾಂಕಿನೊಳಗೆ ಪಂಪು ಕೂತಿದೆ; ಅದಕ್ಕೆ ಪೆಟ್ರೋಲೇ ತಂಪು, ಒಣಗಿಸಿ ಓಡಿಸಿದರೆ ಅದೂ ಸುಟ್ಟುಹೋದೀತು. ಮಲಗಿಸಿ ಎಬ್ಬಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಮೆಕ್ಯಾನಿಕ್ ಹುಡುಗ ಹೇಳಿದ ದಿನ ಗಾಡಿಯಣ್ಣ ಟೀಯನ್ನು ಅರ್ಧಕ್ಕೇ ಬಿಟ್ಟರಂತೆ.

ಆದರೂ ಸಾರ್ವಜನಿಕ ಸೇವೆ ನಿಂತಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಕೂತು ಹೋಗುವ ಬರುವ ಗಾಡಿಗಳಿಗೆ “ಸ್ಟ್ಯಾಂಡು! ಸ್ಟ್ಯಾಂಡು!”, “ಸೆರಗು, ಸೆರಗು ಕಣಕ್ಕಾ!” ಎಂದು ಕೂಗುವುದು ಇವರ ನಿತ್ಯಕರ್ಮ. ಇದರಿಂದ ಎಷ್ಟೋ ಜನರ ಮೊಣಕಾಲು ಉಳಿದಿರುವುದು ನಿಜ. ಹೆಡ್‌ಲೈಟ್ ವಿಷಯದಲ್ಲಿ ಮಾತ್ರ ಸೋತಿದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಲೈಟು ಹಗಲೂ ಉರಿಯಲೇಬೇಕು, ಆರಿಸಲು ಸ್ವಿಚ್ಚೇ ಇಲ್ಲ. ಗಾಡಿಯಣ್ಣ ಇಂದಿಗೂ ಐದು ಬೆರಳು ಮುಚ್ಚಿ ತೆರೆದು “ಲೈಟು!” ಎಂದು ಸನ್ನೆ ಮಾಡುತ್ತಾರೆ. ಸವಾರರೂ ತಿದ್ದಲು ಹೋಗುವುದಿಲ್ಲ. ಹಿರಿಯರ ಆಶೀರ್ವಾದವೆಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಸುಗ್ಗಿಯಲ್ಲಿ ಸೇವೆಯ ಭಾರ ಹೆಚ್ಚುತ್ತದೆ. ರಾಗಿ, ಹುರುಳಿ ಎಲ್ಲವನ್ನೂ ಟಾರು ರಸ್ತೆಯ ಮೇಲೆ ಹರಡಿ ಲಾರಿ ಬಸ್ಸುಗಳಿಂದ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುವ ಕಾಲ ಅದು. ಹುರುಳಿ ಸೊಪ್ಪು ಚೈನಿಗೆ ಸುತ್ತಿಕೊಳ್ಳುತ್ತದೆ, ರಾಗಿ ಹುಲ್ಲಿನ ಮೇಲೆ ಮುಂದಿನ ಬ್ರೇಕು ಹಿಡಿದವನು ಹುಲ್ಲಿನ ಮೇಲೆಯೇ ಮಲಗುತ್ತಾನೆ. “ಹುಲ್ಲು ಕಂಡ್ರೆ ಬ್ರೇಕ್ ಮುಟ್‌ಬ್ಯಾಡ, ಗೇರ್ ಇಳ್ಸಿ ನೆಟ್ಟಗೆ ಹೋಗು” ಎಂಬ ಇವರ ಬುದ್ಧಿಮಾತನ್ನು ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಗೆ ಸೇರಿಸಬಹುದು. ರಸ್ತೆಯಲ್ಲಿ ಹರಡಿರುವ ಹುರುಳಿ ಇವರದೇ ಎಂಬುದು ಬೇರೆ ಮಾತು.

ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವಷ್ಟೆ. ಬೇಲೂರು, ಹಳೇಬೀಡು ನೋಡಲು ಬೆಂಗಳೂರಿನಿಂದ ಜಾಕೆಟ್ಟು, ಗ್ಲೌಸು, ಮೊಣಕಾಲಿಗೆ ಕವಚ ತೊಟ್ಟು ಹೊರಟವರು ಒಮ್ಮೊಮ್ಮೆ ದಾರಿ ಕೇಳಲು ಇಲ್ಲಿ ನಿಲ್ಲುತ್ತಾರೆ. ಗಾಡಿ ಲಕ್ಷಗಳ ಬೆಲೆಯದು. ಸುತ್ತ ಜನ ಸೇರುತ್ತಾರೆ. ಗಾಡಿಯಣ್ಣ ಒಂದು ಸುತ್ತು ಹಾಕಿ, ಸೀರೆ ಗಾರ್ಡ್ ಇಲ್ಲದ್ದನ್ನು ಗಮನಿಸಿ, ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಕೊಡ್ತದೆ ಸಾಮಿ?” ಆತ ಇಪ್ಪತ್ತೆರಡೋ ಇಪ್ಪತ್ತೈದೋ ಎನ್ನುತ್ತಾನೆ. ಗಾಡಿಯಣ್ಣನ ಮುಖದಲ್ಲಿ ಕರುಣೆ ಉಕ್ಕುತ್ತದೆ. “ಪಾಪ, ಟೀ ಕುಡ್ದು ಹೋಗಿ” ಎಂದು ದುಡ್ಡು ತಾವೇ ಕೊಡುತ್ತಾರೆ.

ಇಷ್ಟು ತಿಳಿದವರು ಸ್ವತಃ ಓಡಿಸುವುದು ಹಳೆಯದೊಂದು ಟಿವಿಎಸ್ ಎಕ್ಸೆಲ್. ಹೊಸಬರಿಗೆ ಆಶ್ಚರ್ಯವಾಗುತ್ತದೆ, ಊರವರಿಗಿಲ್ಲ. ಹಿಂದಿನ ಸೀಟು ಕಳಚಿದರೆ ಕಾಯಿ ಮೂಟೆ, ಕಾಲಿಡುವ ಜಾಗದಲ್ಲಿ ಬೂಸಾ ಚೀಲ, ಅದರ ಮೇಲೆ ಮೊಮ್ಮಗ. ಗೇರಿಲ್ಲ, ಗೊಡವೆಯಿಲ್ಲ. “ಆರ್‌ಎಕ್ಸ್ ಓಡ್ಸೋಕೆ, ಬುಲೆಟ್ ತೋರ್ಸೋಕೆ, ಎಕ್ಸೆಲ್ ಬದ್ಕೋಕೆ” ಎನ್ನುವುದು ಇವರ ಸಿದ್ಧಾಂತ. ಬೆಳಗಿನ ಚಳಿಯಲ್ಲಿ ತೋಟದ ದಾರಿ ಹಿಡಿದಾಗ ಮುಖಕ್ಕೆ ಬಡಿಯುವ ಗಾಳಿ ಮೂರರಲ್ಲೂ ಒಂದೇ ಎಂದೂ ಸೇರಿಸುತ್ತಾರೆ.

ಇಂಥ ಗಾಡಿಯಣ್ಣನಿಗೆ ಒಂದೇ ಒಂದು ಊನ: ಕಾಗದವೆಂದರೆ ಅಸಡ್ಡೆ. ಹೋರಿ ಮಾರುವಾಗ ಎಲ್ಲಿತ್ತು ಆರ್‌ಸಿ? “ಅದೆಲ್ಲ ಆಮ್ಯಾಲೆ ನೋಡ್ಕಳನ ಬುಡು” ಎನ್ನುತ್ತಾರೆ. ಆ ‘ಆಮ್ಯಾಲೆ’ ಬರುವುದೇ ಇಲ್ಲ. ಹೀಗಾಗಿ ಇವರು ಕೊಡಿಸಿದ ಅರ್ಧ ಗಾಡಿಗಳು ಇನ್ನೂ ಹಿಂದಿನವರ ಹೆಸರಿನಲ್ಲೇ ಓಡುತ್ತಿವೆ. ಹೆಲ್ಮೆಟ್ ಇಲ್ಲದೆ ಹಾಸನದ ಸಿಗ್ನಲ್ ದಾಟುವವನು ಒಬ್ಬ, ದಂಡದ ಮೆಸೇಜು ಹೋಗುವುದು ಎಂದೋ ಗಾಡಿ ಮಾರಿ ಮರೆತ ಮೇಷ್ಟ್ರಿಗೆ. ದಂಡಕ್ಕೇ ಮುಗಿದರೆ ಪುಣ್ಯ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಕೈಬದಲಾಗಿ ಎಷ್ಟು ವರ್ಷವಾಗಿದ್ದರೂ ಅಷ್ಟೆ.

ಆದ್ದರಿಂದ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರಲ್ಲಿ, ಮಾರುವವರಲ್ಲಿ ಒಂದು ವಿನಂತಿ. ಟೀ ಕುಡಿದು ಏಳುವ ಮೊದಲು ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಸಾಲದ ಗಾಡಿಯಾಗಿದ್ದರೆ ತೀರಿದ್ದಕ್ಕೆ ಫಾರಂ 35 ಕೇಳಿ ಪಡೆಯಿರಿ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ನೋಂದಣಿಯಾಗಿ 15 ವರ್ಷ ಆಗಿದ್ದರೆ ಅದನ್ನು ನವೀಕರಿಸಲಾಗಿದೆಯೇ ನೋಡಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ಅದೇ ಕೆಲಸ.

ಇದನ್ನೆಲ್ಲ ಗಾಡಿಯಣ್ಣನ ಮುಂದೆ ಓದಿ ಹೇಳಿ ಪ್ರಯೋಜನವಿಲ್ಲ. ಅವರ ಎಕ್ಸೆಲ್ ಇವತ್ತಿಗೂ ತೀರಿಹೋದ ಸೋದರಮಾವನ ಹೆಸರಿನಲ್ಲಿದೆ. ಗಾಡಿ ನೋಡಲು ಗಾಡಿಯಣ್ಣನನ್ನೇ ಕರೆದುಕೊಂಡು ಹೋಗಿ, ಅವರಂಥ ಪಾರಖಿ ಸಿಗುವುದಿಲ್ಲ. ಕಾಗದ ನೋಡಲು ಮಾತ್ರ ಬೇರೆ ಯಾರನ್ನಾದರೂ ಕರೆಯಿರಿ.