ಹಿಚ್ ಪಂಡಿತರು

ಚಳಿಗಾಲ ಬಂತೆಂದರೆ ಅಮೆರಿಕದ ಉತ್ತರ ಭಾಗದ ನಿವೃತ್ತರು ಟ್ರೈಲರ್ ಮನೆಯನ್ನು ಟ್ರಕ್ಕಿಗೆ ಸಿಕ್ಕಿಸಿಕೊಂಡು ಆರಿಜೋನಾದ ಕ್ವಾರ್ಟ್ಜ್‌ಸೈಟ್ ಮರುಭೂಮಿಗೆ ಇಳಿಯುತ್ತಾರೆ. ಅಲ್ಲಿ ಸಾಲಿಗೊಬ್ಬರು ಹಿಚ್ ಪಂಡಿತರು, ಅಂದರೆ ಟ್ರಕ್ಕಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಪಂಡಿತರು, ಖಾಯಂ. ಹೊಸಬರು ಬಂದರೆ ಉಳಿದವರು ಮುಖ ನೋಡುತ್ತಾರೆ. ಪಂಡಿತರು ಟ್ರಕ್ಕಿನ ಹಿಂದಿನ ಸಾಮಾನು ತೊಟ್ಟಿಯಾದ ಬೆಡ್ಡಿನೊಳಗೆ ಇಣುಕುತ್ತಾರೆ.

"ಬೆಡ್ಡಿನಲ್ಲಿ ಕೊಂಡಿ ಸಿಕ್ಕಿಸ್ತಾರಲ್ಲ, ಆ ಫಿಫ್ತ್ ವೀಲ್ ಟ್ರೈಲರ್ ಕೊಳ್ಳೋಣ ಅಂತಿದ್ದೇವೆ. ಯಾವ ಹಿಚ್ ಒಳ್ಳೇದು?" ಎಂದು ಕೇಳಿದಿರೋ, ಆ ಸಂಜೆ ನಿಮ್ಮದಲ್ಲ.

"ಹಿಚ್ ಆಮೇಲೆ. ಮೊದಲು ಬಾಗಿಲು ತೆಗೀರಿ."

ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಹಳದಿ ಚೀಟಿಯೇ ಅವರ ಪಾಲಿಗೆ ಟ್ರಕ್ಕಿನ ಜಾತಕ. "ಈ ಟ್ರಕ್ಕು ಹೊರಬಹುದಾದ್ದು 1,800 ಪೌಂಡ್! ಟ್ರೈಲರ್ ಎಷ್ಟು, 12,000? ಅದರಲ್ಲಿ ಐದನೇ ಒಂದು ಪಾಲು ಟ್ರೈಲರಿನ ಮೂತಿಯ ಪಿನ್ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತೆ. 2,400 ಆಯ್ತು. ಹಿಚ್ಚಿನದೇ 150. ಇನ್ನು ನೀವು, ನಿಮ್ಮ ಮನೆಯವರು..." ಇಲ್ಲಿ ಮಾತ್ರ ಪಂಡಿತರ ದನಿ ತಗ್ಗುತ್ತದೆ. "ಅವರು ಬಸ್ಸಲ್ಲಿ ಬಂದರೂ ಲೆಕ್ಕ ಕೂಡೋಲ್ಲ ಬಿಡಿ."

"ಮಾರಿದವನು 12,000 ಎಳೆಯುತ್ತೆ ಅಂದನಲ್ಲ?"

"ಎಳೆಯೋದು ಬೇರೆ, ಹೊರೋದು ಬೇರೆ!"

ಆಮೇಲೆ ಟೇಪು ಹೊರಬರುತ್ತದೆ. ಬೆಡ್ಡು ಐದೂವರೆ ಅಡಿ. ರಿವರ್ಸ್‌ನಲ್ಲಿ ಗಕ್ಕನೆ ತಿರುಗಿಸಿದರೆ ಟ್ರೈಲರಿನ ಮೂಲೆ ಕ್ಯಾಬಿನ ಹಿಂಗಾಜಿಗೆ ಬಡಿಯುತ್ತದೆ. ಹಾಗಾಗಿ ಹಿಂದಕ್ಕೆ ಜರುಗುವ ಸ್ಲೈಡರ್ ಹಿಚ್ ಬೇಕು. ಅದು ಇನ್ನೂ ಭಾರ. ಸವಾರಿ ಮತ್ತೆ ಹಳದಿ ಚೀಟಿಗೆ. ಬೆಡ್ಡಿಗೆ ತೂತು ಕೊರೆದು ರೈಲ್ ಕೂರಿಸುವುದೋ, ಗೂಸ್‌ನೆಕ್ ಎಂಬ ಬೇರೆ ಬಗೆಯ ಕೊಂಡಿಯ ಗುಂಡು ಕೂರುವ ಕುಳಿಗೆ ಹಿಚ್ಚನ್ನು ಬಿಗಿದು ಬೇಕಾದಾಗ ತೆಗೆದಿಡುವುದೋ ಎಂಬಲ್ಲಿ ಎರಡು ಪಂಥಗಳಿವೆ. ಪಕ್ಕದ ಸಾಲಿನ ಪಂಡಿತರು ಆ ಕಡೆ ಸುಳಿದರೆ ಎಲ್ಲರ ಕಾಫಿಯೂ ಆರಿಹೋಗುತ್ತದೆ.

ಯಾವ ದಾರಿಯಲ್ಲಿ ಹೊರಟರೂ ವಾದ ತಲುಪುವುದು ಒಂದೇ ಊರಿಗೆ: "ಒಂದು ಟನ್ನಿನ ಟ್ರಕ್ಕು ತಗೊಳ್ಳಿ, ಹಿಂದೆ ಜೋಡಿ ಚಕ್ರದ್ದು." ಹಿಚ್ ವಿಚಾರಿಸಲು ಹೋದವನು ಟ್ರಕ್ಕನ್ನೇ ಮಾರಬೇಕು.

ಬೈದುಕೊಳ್ಳಬೇಡಿ. ನೀವು ಹೊರಡುವ ದಿನ ಕರೆಯದೆಯೇ ಬಂದು ಮಂಡಿಯೂರಿ, ಹಿಚ್ಚಿನ ದವಡೆ ಪಿನ್ನನ್ನು ಕಚ್ಚಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವವರೂ ಇವರೇ. ಟ್ರೈಲರಿನ ಬ್ರೇಕ್ ಹಿಡಿಸಿ, ಟ್ರಕ್ಕನ್ನು ಒಂದಿಷ್ಟು ಎಳೆಸಿ, ಕೊಂಡಿ ಬಿಡಲಿಲ್ಲವೆಂದ ಮೇಲೆಯೇ ಅಪ್ಪಣೆ.

ಅಷ್ಟರಲ್ಲಿ ಪಂಡಿತರ ಹೆಂಡತಿ ಮಡಚುವ ಕುರ್ಚಿ ಹಿಡಿದು ಬರುತ್ತಾರೆ. "ಇವರ ಲೆಕ್ಕ ತಪ್ಪೋದಿಲ್ಲ, ಕೇಳಿಸ್ಕೊಳ್ಳಿ. ಆದರೆ ಕೂತ್ಕೊಂಡು ಕೇಳಿ, ಟೈರಿನ ಗಾಳಿ ವಿಷಯ ಇನ್ನೂ ಶುರುವಾಗಿಲ್ಲ."