ತಲೆಗೆ ಎಂಬತ್ತು ರೂಪಾಯಿ

ಆಳಂದದಲ್ಲಿ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಕಲಬುರಗಿ ಜಿಲ್ಲೆಯ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆದುಹಾಕಿ ಎಂದು ಆನ್‌ಲೈನ್‌ನಲ್ಲಿ ಫಾರಂ 7ರ ಅರ್ಜಿಗಳು ಬಂದವು, 6,018. ಹೋಗಿ ವಿಚಾರಿಸಿದರೆ ಸಾಚಾ ಅರ್ಜಿ 24 ಮಾತ್ರ. ಉಳಿದ 5,994 ತಿರಸ್ಕಾರವಾದವು, ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, ಊರು ಮರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ದಿಲ್ಲಿಯಲ್ಲಿ ಈ ಗಂಟು ಬಿಚ್ಚಿದಾಗ ಚುನಾವಣಾ ಆಯೋಗ ಹೇಳಿದ್ದಿಷ್ಟೇ: ಅದು ವಿಫಲ ಯತ್ನ, ದೂರು ಕೊಟ್ಟಿದ್ದೂ ನಮ್ಮವರೇ.

ಖರೇ ಮಾತು. ಕಣದಲ್ಲಿದ್ದ ತೊಗರಿ ಚೀಲ ಕಣದಲ್ಲೇ ಇದೆ. ರಾತ್ರಿ ಯಾರೋ ಬಂದು ಅದರ ಹೊಲಿಗೆ ಬಿಚ್ಚಿದ್ದರೆ ಚೀಲಕ್ಕೇನು ನೋವೇ? ಆದರೂ ರಾಹುಲ್ ಮಾತಾಡಿದ ಕೆಲವೇ ದಿನಕ್ಕೆ ಆಯೋಗದ ಪೋರ್ಟಲ್‌ಗೆ ಆಧಾರ್ ಇ-ಸಹಿಯ ಹೊಸ ಕೀಲಿ ಬಿತ್ತು. ಏನೂ ಕಳುವಾಗದ ಮನೆಗೆ.

ಈ ಅರ್ಜಿಗಳ ಆಟ ಬಯಲಾದದ್ದೂ ಅಕಸ್ಮಾತ್. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಅಕ್ಕೋರೊಬ್ಬರು ತಮ್ಮ ಪಟ್ಟಿ ನೋಡುತ್ತಿದ್ದಾಗ ಸ್ವಂತ ಸಂಬಂಧಿಕರ ಹೆಸರೇ ತೆಗೆಯುವ ಸಾಲಿನಲ್ಲಿತ್ತು. ಅರ್ಜಿ ಹಾಕಿದವನು ಪಕ್ಕದ ಮನೆಯವ. ಕೇಳಿದರೆ ಅವನು ಕಕ್ಕಾಬಿಕ್ಕಿ, ಅವನಿಗೆ ಏನೂ ಗೊತ್ತಿಲ್ಲ. ಹೆಸರು ಕಳೆದುಕೊಳ್ಳಬೇಕಾದವನಿಗೂ ಗೊತ್ತಿಲ್ಲ, ಕಳೆಯಿರಿ ಎಂದು ಬರೆದುಕೊಟ್ಟವನಿಗೂ ಗೊತ್ತಿಲ್ಲ. ಬದುವಿನ ಗೇಣು ಮಣ್ಣಿಗೆ ಕೊಡಲಿ ಎತ್ತುವ ನಮ್ಮ ಕಡೆ, ನೆರೆಹೊರೆಯವರ ನಡುವೆ ಇಷ್ಟು ಶಾಂತವಾದ ದ್ರೋಹ ಹಿಂದೆಂದೂ ನಡೆದಿರಲಿಕ್ಕಿಲ್ಲ.

ಗೊತ್ತಿಲ್ಲದವನಿಗೆ ಗಾಯವಿಲ್ಲ ಎನ್ನುವ ತತ್ತ್ವಜ್ಞಾನಿಗಳು ಒಮ್ಮೆ ಇಲ್ಲಿಗೆ ಬರಬೇಕು. ರಾಶಿ ಮುಗಿಸಿ ಮುಂಬಯಿ, ಪುಣೆಗೆ ಗುಳೆ ಹೋದವನ ಹೆಸರು ಹೊಡೆದುಹಾಕಿದರೆ ಅವನಿಗೆ ತಿಳಿಯುವುದು ಯಾವಾಗ? ಓಟಿನ ದಿನ ಬಸ್ಸಿಳಿದು, ಬಿಸಿಲಲ್ಲಿ ಸರದಿ ನಿಂತು, ಬೆರಳು ಮುಂದೆ ಚಾಚಿದಾಗ. “ನಿಮ್ಮ ಹೆಸರಿಲ್ಲರಿ” ಎಂದರೆ ಅವನು ಜಗಳಾಡುವುದಿಲ್ಲ. ತನ್ನದೇ ಏನೋ ತಪ್ಪಿರಬೇಕೆಂದು ಚೀಟಿ ಮಡಚಿ ಜೇಬಿಗಿಟ್ಟು ಚಹಾದಂಗಡಿಗೆ ಹೋಗುತ್ತಾನೆ. ಆ ಸಲ ಊರಿಗೆ ಬರದಿದ್ದರಂತೂ ಇನ್ನೂ ಬರೋಬರಿ, ಗಾಯವೂ ಇಲ್ಲ, ಚಹಾದ ಖರ್ಚೂ ಇಲ್ಲ.

ಲೆಕ್ಕದ ಪಂಡಿತರದು ಬೇರೆ ವಾದ. ಆ ಚುನಾವಣೆಯಲ್ಲಿ ಆಳಂದದಿಂದ ಬಿ.ಆರ್. ಪಾಟೀಲರು ಗೆದ್ದದ್ದು 10,348 ಮತಗಳ ಅಂತರದಿಂದ. ಆರು ಸಾವಿರ ಹೋಗಿದ್ದರೂ ಫಲಿತಾಂಶ ಕದಲುತ್ತಿರಲಿಲ್ಲವಂತೆ. ಹೌದಲ್ಲ! 2018ರಲ್ಲಿ ಇದೇ ಪಾಟೀಲರು ಇದೇ ಆಳಂದದಲ್ಲಿ ಸೋತದ್ದು 697 ಮತದಿಂದ ಎನ್ನುವುದನ್ನು ಮಾತ್ರ ಆ ಪಂಡಿತರ ಮುಂದೆ ಎತ್ತಬಾರದು.

ನನಗೆ ತಿಳಿಯದ ವಿಷಯ ಒಂದೇ. ಈ ಪ್ರಕರಣದ ವಿಶೇಷ ತನಿಖಾ ತಂಡಕ್ಕೆ (ಎಸ್‌ಐಟಿ) ಕಂಡದ್ದೆಂದು ಪತ್ರಿಕೆಗಳಲ್ಲಿ ಬಂದ ದರ, ಅರ್ಜಿಯೊಂದಕ್ಕೆ 80 ರೂಪಾಯಿ. ಒಟ್ಟು ಸುಮಾರು 4.8 ಲಕ್ಷ. ಯಾರಿಗೂ ಏನೂ ಆಗದ ಕೆಲಸಕ್ಕೆ ರೊಕ್ಕ ಎಣಿಸಿ ಕೊಡುವಷ್ಟು ದಾನಶೂರರು ನಮ್ಮ ಜಿಲ್ಲೆಯಲ್ಲಿ ಯಾವಾಗ ಹುಟ್ಟಿದರು? ದರವನ್ನಾದರೂ ನೋಡಿ. ತೊಗರಿಯ ಕಣಜ ಎನಿಸಿಕೊಂಡ ಕಲಬುರಗಿಯಲ್ಲೇ ಎಂಬತ್ತು ರೂಪಾಯಿಗೆ ಕಿಲೋ ಬೇಳೆ ಬರುವುದಿಲ್ಲ. ಒಬ್ಬ ಮನುಷ್ಯ ಬರುತ್ತಾನೆ.

ನಮ್ಮದೇ ಜಿಲ್ಲೆಯ ಅಫಜಲಪುರ, ಜೇವರ್ಗಿಯವರು ಮಾತ್ರ ನಿಶ್ಚಿಂತರು. ಮೊನ್ನೆ ಜೇವರ್ಗಿಯ ಕಾಕಾ ಕಟ್ಟೆಯ ಮೇಲೆ ಎಲಿ ಅಡಿಕಿ ಹಾಕಿಕೊಳ್ಳುತ್ತ ಅಂದರು: “ನಮ್ ಕಡಿ ಅಂಥಾದ್ದೇನೂ ಆಗಿಲ್ಲ ಬಿಡು.”

“ನಿಮಗ ಹ್ಯಾಂಗ ಗೊತ್ತು ಕಾಕಾ?”

“ಆಗಿದ್ರ ಗೊತ್ತಾಗ್ತಿತ್ತಲ್ಲೋ.”

“ಆಳಂದದಾಗ ಹ್ಯಾಂಗ ಗೊತ್ತಾಯ್ತು?”

“ಆ ಅಕ್ಕೋರು ಪಟ್ಟಿ ನೋಡಿದ್ರಲ್ಲ, ಅದಕ್ಕ.”

“ಅವರು ನೋಡ್ದಿದ್ರ?”

ಕಾಕಾ ಸುಣ್ಣದ ಡಬ್ಬಿ ಮುಚ್ಚಿದರು. “ನೋಡ್ದಿದ್ರ ಏನೂ ಆಗ್ತಿದ್ದಿಲ್ಲ ಬಿಡು.”